ಮೋಟಾರು ಸೈಕಲ್ಲಿನ ಕಳವು: ಬೀಗ, ಅಲಾರಾಂ ಮತ್ತು ವಿಮೆಯ ಷರತ್ತುಗಳು

ಕಳೆದ ಕುಯ್ಲಿನ ಕಾಲದಲ್ಲಿ ನಮ್ಮ ಸದಸ್ಯರೊಬ್ಬರು ಅಡಿಕೆಯ ಮಾದರಿ ತೋರಿಸಲೆಂದು ಪೇಟೆಯ ಮಂಡಿಗೆ ಹೋಗಿದ್ದರು. ‘ಒಂದು ನಿಮಿಷದ ಕೆಲಸ’ವೆಂದು ಮೋಟಾರು ಸೈಕಲ್ಲನ್ನು ಹೊರಗೆ ನಿಲ್ಲಿಸಿ ಒಳಗೆ ಹೋದರು. ಹೊರಗೆ ಬಂದಾಗ ಗಾಡಿ ಇರಲಿಲ್ಲ. ‘ಹೋದರೆ ಹೋಗಲಿ, ಐದು ವರ್ಷದ ವಿಮೆ ಇದೆಯಲ್ಲ’ ಎಂದು ಅವರು ಧೈರ್ಯದಿಂದಲೇ ಇದ್ದರು. ಕಾಗದ ತೆಗೆದು ನೋಡಿದಾಗ, ಐದು ವರ್ಷದ ವಿಮೆಯೇನೋ ಇತ್ತು, ಆದರೆ ಅದು ಕಳವಿಗೆ ಸಂಬಂಧಿಸಿದ್ದಾಗಿರಲಿಲ್ಲ. ಈ ಪೆಟ್ಟು ಇನ್ನೊಬ್ಬ ಸದಸ್ಯರಿಗೆ ಬೀಳಬಾರದೆಂಬುದೇ ಈ ಪಾಠದ ಉದ್ದೇಶ.

ಯಾವ ವಿಮೆ ಕಳವಿಗೆ ಒದಗುತ್ತದೆ?

ಮೋಟಾರು ವಿಮೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಥರ್ಡ್ ಪಾರ್ಟಿ. ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಅಪಾಯಕ್ಕೆ ಇದು ಪರಿಹಾರ ಕೊಡುತ್ತದೆ. ಕಾನೂನಿನ ಪ್ರಕಾರ ಇದು ಕಡ್ಡಾಯ. ಎರಡನೆಯದು ಸ್ವಂತ ಹಾನಿಯ ಭಾಗ. ನಮ್ಮ ಗಾಡಿ ಮುರಿದರೆ, ಸುಟ್ಟರೆ ಅಥವಾ ಕಳವಾದರೆ ಹಣ ಬರುವುದು ಈ ಭಾಗದಿಂದ ಮಾತ್ರ.

2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಮ್ಮೆಗೇ ಕೊಡಲಾಗುತ್ತದೆ. ಆದರೆ ಸ್ವಂತ ಹಾನಿಯ ಭಾಗ ಬಹಳ ಪಾಲಿಸಿಗಳಲ್ಲಿ ಒಂದೇ ವರ್ಷಕ್ಕೆ ಇರುತ್ತದೆ. ಎರಡನೆಯ ವರ್ಷ ಅದನ್ನು ಬೇರೆಯಾಗಿ ನವೀಕರಿಸಬೇಕು. ಇಲ್ಲದಿದ್ದರೆ ಪೊಲೀಸರು ಕೇಳುವ ಕಾಗದ ಸರಿಯಾಗಿದ್ದರೂ ಕಳವಿಗೆ ಬಿಡಿಗಾಸೂ ಬರುವುದಿಲ್ಲ. ಪಾಲಿಸಿಯಲ್ಲಿ ಎರಡು ಮುಕ್ತಾಯದ ತಾರೀಖುಗಳಿವೆಯೇ ಎಂದು ಇಂದೇ ನೋಡಿಕೊಳ್ಳಿರಿ.

ಗಾಡಿ ಹಳೆಯದಾದಂತೆ ಅದರ ವಿಮಾ ಬೆಲೆಯೂ ಇಳಿಯುತ್ತದೆ. ಮೂರು ವರ್ಷ ದಾಟಿ ನಾಲ್ಕು ವರ್ಷದೊಳಗಿನ ಗಾಡಿಗೆ ಶೇ. 40 ಕಳೆಯುವುದು ವಾಡಿಕೆಯ ಲೆಕ್ಕ. ಕಂಪನಿಯ ಪಟ್ಟಿಯ ಬೆಲೆ 80,000 ರೂಪಾಯಿ ಇದ್ದರೆ ಕೈಗೆ ಬರಬಹುದಾದದ್ದು ಸುಮಾರು 48,000 ರೂಪಾಯಿ. ಪ್ರೀಮಿಯಂ ಉಳಿಸಲೆಂದು ಬೆಲೆಯನ್ನು ಇನ್ನೂ ಇಳಿಸಿ ಬರೆಸುವುದು ಜಾಣತನವಲ್ಲ.

ಅಲಾರಾಂ ಕಡ್ಡಾಯವೇ?

ಬ್ರಿಟನ್ನಿನಲ್ಲಿ ವಿಮಾ ಕಂಪನಿಗಳೇ ಸೇರಿ 1969ರಲ್ಲಿ ಥ್ಯಾಚಮ್ ಎಂಬಲ್ಲಿ ಒಂದು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದುವು. ಮುಂದೆ ಅದು ಅಲಾರಾಂಗಳನ್ನೂ ಎಂಜಿನ್ ತಡೆಯುವ ಸಾಧನಗಳನ್ನೂ ಪರೀಕ್ಷಿಸಿ ದರ್ಜೆ ಕೊಡತೊಡಗಿತು. ಬೆಲೆಬಾಳುವ ಗಾಡಿಗೆ ಇಂತಹ ದರ್ಜೆಯ ಸಾಧನ ಇರಲೇಬೇಕೆಂದು ಅಲ್ಲಿನ ವಿಮೆಗಾರರು ಷರತ್ತು ಹಾಕುವುದುಂಟು.

ನಮ್ಮ ದೇಶದ ಸಾಮಾನ್ಯ ಪಾಲಿಸಿಯಲ್ಲಿ ಇಂತಹ ಕಡ್ಡಾಯವಿಲ್ಲ. ರಿಯಾಯಿತಿ ಮಾತ್ರ ಇದೆ. ಪುಣೆಯ ಎ.ಆರ್.ಎ.ಐ. ಸಂಸ್ಥೆಯಿಂದ ಒಪ್ಪಿಗೆ ಪಡೆದ ಸಾಧನವನ್ನು ಅಳವಡಿಸಿ, ಮಾನ್ಯ ಆಟೋಮೊಬೈಲ್ ಅಸೋಸಿಯೇಷನ್ನಿನಿಂದ ಪ್ರಮಾಣಪತ್ರ ಪಡೆದರೆ, ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 2.5 ಬಿಡಬೇಕೆಂದು 2002ರ ಮೋಟಾರು ದರಪಟ್ಟಿ ಹೇಳಿತ್ತು. ಈಗ ಕಂಪನಿಗಳು ತಮ್ಮ ದರವನ್ನು ತಾವೇ ಗೊತ್ತುಮಾಡುವುದರಿಂದ ಮೊದಲೇ ಕೇಳಿಕೊಳ್ಳಬೇಕು. 1,000 ರೂಪಾಯಿಯ ಪ್ರೀಮಿಯಂಗೆ ಶೇ. 2.5 ಎಂದರೆ 25 ರೂಪಾಯಿ. ಆದುದರಿಂದ ಅಲಾರಾಂ ಹಾಕಿಸುವುದು ಗಾಡಿ ಉಳಿಯಲೆಂದೇ ಹೊರತು ರಿಯಾಯಿತಿಗೆಂದು ಅಲ್ಲ.

ಒಂದು ಎಚ್ಚರಿಕೆ. ಅಲಾರಾಂ ಇದೆಯೆಂದು ಅರ್ಜಿಯಲ್ಲಿ ಬರೆದು ರಿಯಾಯಿತಿ ಪಡೆದ ಮೇಲೆ ಅದು ಕೆಲಸ ಮಾಡುತ್ತಿರಬೇಕು. ಕೆಟ್ಟುಹೋದ ಅಲಾರಾಂ, ಇಲ್ಲದ ಅಲಾರಾಂ ಎರಡೂ ತಕರಾರಿಗೆ ದಾರಿ.

ಸಾಧನಗಳ ಗುಣದೋಷ

ಹ್ಯಾಂಡಲ್ ಲಾಕ್: ಎಲ್ಲ ಗಾಡಿಯಲ್ಲೂ ಇದೆ. ಬಲವಾಗಿ ತಿರುಗಿಸಿದರೆ ಮುರಿಯಬಹುದು. ಆದರೂ ಇದನ್ನು ಹಾಕದೆ ಬಿಡಬಾರದು.

ಸರಪಳಿ ಮತ್ತು ಡಿಸ್ಕ್ ಲಾಕ್: ಸರಪಳಿಯನ್ನು ಚಕ್ರಕ್ಕೆ ಮಾತ್ರ ಸುತ್ತದೆ ಕಂಬಕ್ಕೋ ಕಲ್ಲುಗೂಟಕ್ಕೋ ಸೇರಿಸಿ ಬಿಗಿಯಬೇಕು. ಇಲ್ಲವಾದರೆ ಗಾಡಿಯನ್ನು ಎತ್ತಿ ಪಿಕಪ್ಪಿಗೆ ಹಾಕಿಕೊಂಡು ಹೋಗಬಹುದು. ಡಿಸ್ಕ್ ಲಾಕ್ ತೆಗೆಯಲು ಮರೆತು ಹೊರಟರೆ ಬೀಳುವುದು ಖಂಡಿತ. ಹ್ಯಾಂಡಲಿಗೆ ಒಂದು ಬಣ್ಣದ ದಾರ ಕಟ್ಟಿ ನೆನಪಿಟ್ಟುಕೊಳ್ಳಿರಿ.

ಎಂಜಿನ್ ತಡೆ: ಬೀಗದ ಕೈಯೊಳಗಿನ ಚಿಪ್ಪಿನ ಗುರುತು ಸಿಗದಿದ್ದರೆ ಎಂಜಿನ್ ಚಾಲೂ ಆಗುವುದಿಲ್ಲ. ಗಾಡಿಯೊಂದಿಗೇ ಬಂದದ್ದಾದರೆ ಒಳ್ಳೆಯದು.

ಅಲಾರಾಂ: ಗಾಡಿ ಅಲುಗಿದರೆ ಅಥವಾ ವಾಲಿದರೆ ಕೂಗುತ್ತದೆ. ಕೇಳುವವರಿದ್ದರೆ ಮಾತ್ರ ಇದರ ಉಪಯೋಗ. ತೋಟದ ಗೇಟಿನ ಬಳಿ ಕೂಗಿದರೆ ಮನೆಗೆ ಕೇಳಿಸೀತೇ ಎಂದು ಯೋಚಿಸಬೇಕು. ಮಲೆನಾಡಿಗೆ ಇನ್ನೊಂದು ತೊಡಕುಂಟು. ಅಲಾರಾಂ 10 ಮಿಲಿ ಆಂಪಿಯರ್ ಎಳೆಯುತ್ತದೆಂದು ಇಟ್ಟುಕೊಂಡರೆ, ದಿನಕ್ಕೆ 0.24 ಆಂಪಿಯರ್-ಗಂಟೆ ಖರ್ಚು. 4 ಆಂಪಿಯರ್-ಗಂಟೆಯ ಬ್ಯಾಟರಿ 16 ದಿನದಲ್ಲಿ ಬರಿದಾಗುತ್ತದೆ. ಸೆಲ್ಫ್ ಸ್ಟಾರ್ಟ್ ಅದಕ್ಕೂ ಮೊದಲೇ ಕೈಕೊಡುತ್ತದೆ. ಮಳೆಗಾಲದಲ್ಲಿ ಗಾಡಿ ಕೊಟ್ಟಿಗೆಯಲ್ಲೇ ನಿಂತಿದ್ದರೆ ವಾರಕ್ಕೊಮ್ಮೆಯಾದರೂ ಓಡಿಸಿರಿ. ವೈರು ಕತ್ತರಿಸಿ ಜೋಡಿಸುವ ಅಗ್ಗದ ಸಾಧನದಿಂದ ಕಂಪನಿಯ ಗ್ಯಾರಂಟಿಯೂ ಹೋದೀತು.

ಜಿ.ಪಿ.ಎಸ್.: ಗಾಡಿ ಎಲ್ಲಿದೆಯೆಂದು ಮೊಬೈಲಿಗೆ ತಿಳಿಸುತ್ತದೆ. ಇದಕ್ಕೆ ಸಿಮ್ ಬೇಕು, ನೆಟ್‌ವರ್ಕ್ ಬೇಕು. ಘಟ್ಟದ ಕಣಿವೆಯಲ್ಲಿ ಸಿಗ್ನಲ್ ಇಲ್ಲದೆಡೆ ಸುಮ್ಮನಾಗುತ್ತದೆ.

ಬೀಗದ ಕೈ, ಕಾಗದ, ತಡ

ಕ್ಲೇಮು ಕೇಳುವಾಗ ವಿಮೆಯವರು ಸಾಮಾನ್ಯವಾಗಿ ಎರಡೂ ಮೂಲ ಬೀಗದ ಕೈಗಳನ್ನು ಕೇಳುತ್ತಾರೆ. ಒಂದು ಕಳೆದುಹೋಗಿದ್ದರೆ ಆಗಲೇ ಬರಹದಲ್ಲಿ ತಿಳಿಸಿ ದಾಖಲೆ ಇಟ್ಟುಕೊಳ್ಳುವುದು ಲೇಸು. ಕೈಯನ್ನು ಗಾಡಿಯಲ್ಲೇ ಬಿಟ್ಟು ಹೋದರೆ ‘ತಕ್ಕ ಎಚ್ಚರ ವಹಿಸಲಿಲ್ಲ’ ಎಂಬ ಆಕ್ಷೇಪ ಬರುತ್ತದೆ. ಕೈ ಬಿಟ್ಟಿದ್ದ ಲಾರಿ ಕಳವಾದ ಮೊಕದ್ದಮೆಯಲ್ಲಿ 2023ರಲ್ಲಿ ಸುಪ್ರೀಂ ಕೋರ್ಟು ಶೇ. 75 ಕೊಡಿಸಿತು. ನ್ಯಾಯ ಸಿಕ್ಕಿತು ನಿಜ. ಆದರೆ ಕಾಲು ಭಾಗ ಹೋಯಿತು, ದೆಹಲಿಯವರೆಗೂ ಅಲೆಯಬೇಕಾಯಿತು.

ಹಳೆಯ ಗಾಡಿ ಕೊಂಡವರು ಇದನ್ನು ಮನಸ್ಸಿಟ್ಟು ಓದಿರಿ. ಸಹಿ ಹಾಕಿದ ಫಾರಂ 29, 30 ಮನೆಯ ಪೆಟ್ಟಿಗೆಯಲ್ಲಿದ್ದರೆ ಸಾಲದು. ಥರ್ಡ್ ಪಾರ್ಟಿ ವಿಮೆ ಹೊಸ ಮಾಲೀಕನ ಜೊತೆ ತಾನಾಗಿ ಬರುತ್ತದೆ; ಸ್ವಂತ ಹಾನಿಯ ಭಾಗ ಬರುವುದಿಲ್ಲ. ವರ್ಗಾವಣೆಯಾದ 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು.

ಗಾಡಿ ಕಳವಾದ ದಿನವೇ ಮಾಡಬೇಕಾದವು:

1. ಠಾಣೆಯಲ್ಲಿ ದೂರು ಕೊಟ್ಟು ಎಫ್.ಐ.ಆರ್. ಪ್ರತಿ ಪಡೆಯಿರಿ. ‘ನಾಲ್ಕು ದಿನ ಹುಡುಕಿ ನೋಡೋಣ’ವೆಂದು ಕಾಯಬೇಡಿರಿ.

2. ವಿಮಾ ಕಂಪನಿಗೆ ಫೋನಿನಲ್ಲೂ ಬರಹದಲ್ಲೂ ತಿಳಿಸಿರಿ. ಎಫ್.ಐ.ಆರ್. ತಕ್ಷಣ ಆಗಿದ್ದರೆ, ವಿಮೆಯವರಿಗೆ ತಿಳಿಸುವಲ್ಲಿನ ತಡವೊಂದರಿಂದಲೇ ಕ್ಲೇಮು ತಳ್ಳಿಹಾಕುವಂತಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೂ ತಡ ಮಾಡದಿರುವುದೇ ಮೇಲು.

3. ಆರ್.ಟಿ.ಓ. ಕಚೇರಿಗೂ, ಸಾಲವಿದ್ದರೆ ಸಾಲ ಕೊಟ್ಟವರಿಗೂ ತಿಳಿಸಿರಿ.

4. ಗಾಡಿ ಪತ್ತೆಯಾಗಲಿಲ್ಲವೆಂಬ ಪೊಲೀಸರ ಅಂತಿಮ ವರದಿಯನ್ನು ಮರೆಯದೆ ಪಡೆಯಿರಿ. ಕ್ಲೇಮು ಇತ್ಯರ್ಥಕ್ಕೆ ಇದನ್ನು ಕೇಳುತ್ತಾರೆ.

ಕಣದಲ್ಲಿ ಹರಡಿದ ಕಾಫಿಗೆ ಮೋಡ ಕಂಡೊಡನೆ ಟಾರ್ಪಾಲು ಹೊದಿಸುವವರು ನಾವು. ಗಾಡಿಯ ವಿಷಯದಲ್ಲೂ ಅದೇ ಬುದ್ಧಿ ಸಾಕು. ಮೇಲೆ ಹೇಳಿದ ಸದಸ್ಯರು ಈಗ ಬೆಳಗಿನ ಬಸ್ಸಿಗೆ ಕಾದು ಪೇಟೆಗೆ ಬರುತ್ತಿದ್ದಾರೆ. ‘ನನ್ನ ವಿಷಯ ಬರೆಯಿರಿ, ಹೆಸರು ಬೇಡ’ ಎಂದು ಹೇಳಿದವರೂ ಅವರೇ. ಸದಸ್ಯ ಬಾಂಧವರು ಈ ಪತ್ರಿಕೆಯನ್ನು ಕೆಳಗಿಡುವ ಮೊದಲು ತಮ್ಮ ಪಾಲಿಸಿಯನ್ನು ಒಮ್ಮೆ ತೆರೆದು ತಾರೀಖು ನೋಡಬೇಕೆಂದು ವಿನಂತಿಸುತ್ತೇವೆ.