ಕೊಲೆಗಾರನ ವೇಷ, ಹಾಡುಗಾರನ ದನಿ

ನಾವು ಸಿನಿಮಾಕ್ಕೆ ಹೋಗುತ್ತೇವೆ. ತೆರೆಯ ಮೇಲೆ ದುಷ್ಟ ಬಂದರೆ ಬೈಯುತ್ತೇವೆ. 'ಇವನ ಮನೆ ಹಾಳಾಗ' ಅಂತ ಶಾಪ ಹಾಕುತ್ತೇವೆ. ಆದರೆ ಆ ವೇಷ ಹಾಕಿದವರು ಯಾರು? ಅಂಥ ಒಬ್ಬರ ಕತೆ ಓದೋಣ ಬನ್ನಿ.

ಅವರ ಹೆಸರು ಡೇವಿಡ್ ಹೆಸ್. ಊರು ಅಮೆರಿಕದ ನ್ಯೂಯಾರ್ಕ್. ಹುಟ್ಟಿದ್ದು 1936ರಲ್ಲಿ. ಮೊದಲು ಅವರು ನಟರಲ್ಲ, ಹಾಡುಗಾರರು. ಆಗ ಡೇವಿಡ್ ಹಿಲ್ ಎಂದು ಹೆಸರು ಇಟ್ಟುಕೊಂಡಿದ್ದರು.

1956ರಲ್ಲಿ ಅವರು 'ಆಲ್ ಶುಕ್ ಅಪ್' ಎಂಬ ಹಾಡು ಹಾಡಿದರು. ಅದು ಅಷ್ಟಾಗಿ ಓಡಲಿಲ್ಲ. ಮರುವರ್ಷ ಅದೇ ಹಾಡನ್ನು ಎಲ್ವಿಸ್ ಪ್ರೀಸ್ಲಿ ಹಾಡಿದರು. ದೇಶವೇ ಕುಣಿಯಿತು! ಡೇವಿಡ್ ಬೇರೆಯವರಿಗೆ ಹಾಡು ಬರೆದೂ ಕೊಟ್ಟರು. ಇನ್ನಿಬ್ಬರ ಜೊತೆ ಸೇರಿ ಬರೆದ 'ಸ್ಪೀಡಿ ಗೊನ್ಸಾಲಿಸ್' ಹಾಡನ್ನು 1962ರಲ್ಲಿ ಪ್ಯಾಟ್ ಬೂನ್ ಹಾಡಿದರು. ಅದೂ ಗೆದ್ದಿತು. ಹಾಡಿದವರ ಹೆಸರು ಊರಿಗೆಲ್ಲ ಗೊತ್ತಾಗುತ್ತದೆ. ಬರೆದವರನ್ನು ಯಾರು ಕೇಳ್ತಾರೆ?

ಆ ಕಾಲಕ್ಕೆ ಅಮೆರಿಕದಲ್ಲಿ ಜನಪದ ಹಾಡಿಗೆ ಹೊಸ ಜೀವ ಬಂದಿತ್ತು. ರೈತರ ಹಾಡು, ಗಣಿ ಕೆಲಸದವರ ಹಾಡು, ಅಲೆಮಾರಿಗಳ ಹಾಡು. ಪಟ್ಟಣದ ಹುಡುಗರು ಗಿಟಾರ್ ಹಿಡಿದು ಅವನ್ನೆಲ್ಲ ಹಾಡತೊಡಗಿದ್ದರು. ಡೇವಿಡ್ ಕೂಡ ಕ್ಯಾಪ್ ಎಂಬ ಕಂಪನಿಗೆ ಜನಪದ ಹಾಡುಗಳ ಧ್ವನಿಮುದ್ರಿಕೆ ಮಾಡಿದರು.

1972ರಲ್ಲಿ ಒಂದು ಸಿನಿಮಾ ಬಂತು. ಹೆಸರು 'ದಿ ಲಾಸ್ಟ್ ಹೌಸ್ ಆನ್ ದಿ ಲೆಫ್ಟ್'. ನಿರ್ದೇಶಕ ವೆಸ್ ಕ್ರೇವನ್. ಅವರಿಗೆ ಇದು ಮೊದಲ ಚಿತ್ರ. ಹಣವೂ ಕಡಿಮೆ. ಕತೆ ಬಹಳ ಕ್ರೂರವಾದದ್ದು. ಇಬ್ಬರು ಹುಡುಗಿಯರು ಹಾಡಿನ ಕಾರ್ಯಕ್ರಮಕ್ಕೆಂದು ಪಟ್ಟಣಕ್ಕೆ ಹೋಗುತ್ತಾರೆ. ಜೈಲಿನಿಂದ ಓಡಿಬಂದ ಪಾತಕಿಗಳ ಕೈಗೆ ಸಿಕ್ಕಿ ಸಾಯುತ್ತಾರೆ. ಆ ಪಾತಕಿಗಳ ನಾಯಕನ ಹೆಸರು ಕ್ರುಗ್. ಆ ವೇಷ ಹಾಕಿದವರೇ ಡೇವಿಡ್.

ಇಲ್ಲೊಂದು ವಿಚಿತ್ರ ಇದೆ ನೋಡಿ. ಕೊನೆಗೆ ಒಬ್ಬ ಹುಡುಗಿ ಮೆಲ್ಲಗೆ ಕೊಳದ ನೀರಿಗೆ ಇಳಿಯುತ್ತಾಳೆ. ಕ್ರುಗ್ ಅವಳಿಗೆ ಗುಂಡು ಹೊಡೆಯುತ್ತಾನೆ. ಆಗ ಅಬ್ಬರದ ಸಂಗೀತ ಇಲ್ಲ. ಮೆಲುದನಿಯ ಒಂದು ದುಃಖದ ಹಾಡು ಕೇಳುತ್ತದೆ. ಹಾಡಿದ್ದು ಯಾರು? ಡೇವಿಡ್! ಕೊಲ್ಲುವ ಕೈಯೂ ಅವರದೇ, ಅಳುವ ದನಿಯೂ ಅವರದೇ. ಆ ಚಿತ್ರ ಮನಸ್ಸಿನಲ್ಲಿ ಉಳಿಯೋದು ಇದರಿಂದಲೇ ಅಂತ ನಮಗೆ ಅನಿಸುತ್ತದೆ.

ಬ್ರಿಟನ್ನಿನಲ್ಲಿ 1974ರಲ್ಲಿ ಈ ಚಿತ್ರಕ್ಕೆ ಪ್ರಮಾಣಪತ್ರ ಸಿಗಲಿಲ್ಲ. ಒಂದು ತುಣುಕೂ ಕತ್ತರಿಸದೆ ತೋರಿಸಲು ಒಪ್ಪಿಗೆ ಸಿಕ್ಕಿದ್ದು 2008ರಲ್ಲಿ. ಅಷ್ಟರಲ್ಲಿ ಭಯದ ಚಿತ್ರ ಇಷ್ಟಪಡುವವರು ಅದನ್ನು ಹುಡುಕಿ ಹುಡುಕಿ ನೋಡಿದ್ದರು.

ಹಾಡಿನಿಂದ ಬಾರದ ಹೆಸರು ಕ್ರುಗ್‌ನಿಂದ ಬಂತು. ಆದರೆ ಆ ವೇಷ ಮೈಗೆ ಅಂಟಿಕೊಂಡಿತು. ಇಟಲಿಯವರು 1977ರಲ್ಲಿ 'ಹಿಚ್-ಹೈಕ್' ಚಿತ್ರಕ್ಕೆ ಕರೆದರು. ಅಲ್ಲೂ ಪಾತಕಿ. 1980ರ 'ಹೌಸ್ ಆನ್ ದಿ ಎಡ್ಜ್ ಆಫ್ ದಿ ಪಾರ್ಕ್' ಚಿತ್ರದಲ್ಲೂ ಪಾತಕಿ. ಅದೇ ವರ್ಷ 'ಟು ಆಲ್ ಎ ಗುಡ್‌ನೈಟ್' ಎಂಬ ಚಿತ್ರವನ್ನು ತಾವೇ ನಿರ್ದೇಶಿಸಿದರು. ಅದೂ ಭಯದ್ದೇ!

ಡೇವಿಡ್ ಗಿಟಾರ್ ಮಾತ್ರ ಬಿಡಲಿಲ್ಲ. ವಯಸ್ಸಾದ ಮೇಲೂ ಹೊಸ ಹಾಡುಗಳನ್ನು ತಂದರು. 2002ರಲ್ಲಿ ಈಲೈ ರಾತ್ ಎಂಬ ತರುಣ ನಿರ್ದೇಶಕ 'ಕ್ಯಾಬಿನ್ ಫೀವರ್' ಎಂಬ ಚಿತ್ರ ಮಾಡಿದರು. ಅದರಲ್ಲಿ ಕ್ರುಗ್ ಇಲ್ಲ. 1972ರ ಚಿತ್ರದ ಹಾಡುಗಳಿವೆ, ಡೇವಿಡ್ ದನಿಯಲ್ಲಿ. 2011ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 75 ವರ್ಷ.