ಆಟದ ರೈಲು, ದಿಟದ ಹಳಿ

ಮಕ್ಕಳ ಆಟಗಳಲ್ಲಿ ರೈಲಾಟಕ್ಕೆ ಬೇರೆಯೇ ಸ್ಥಾನವುಂಟು. ಒಬ್ಬನ ಅಂಗಿಯ ತುದಿಯನ್ನು ಇನ್ನೊಬ್ಬನು ಹಿಡಿದು, ಮುಂದಿನವನು ಎಂಜಿನ್ನಾಗಿ, ಕೊನೆಯವನು ಗಾರ್ಡ್ ಆಗಿ, ‘ಕೂ’ ಎಂದು ಕೂಗುತ್ತ ಬೀದಿಯನ್ನು ಸುತ್ತಿದವರು ನಮ್ಮ ನಾಡಿನಲ್ಲಿ ಎಷ್ಟೋ ಮಂದಿ. ಈ ಆಟಕ್ಕೆ ಹಣ ಬೇಡ, ಸಾಮಗ್ರಿ ಬೇಡ. ಆದರೆ ಒಂದು ಕಟ್ಟುಪಾಡು ಇದೆ. ಎಂಜಿನ್ನಾದವನು ಎಂಜಿನ್ನಿನಂತೆ ಕೂಗದಿದ್ದರೆ, ನಿಲ್ದಾಣದಲ್ಲಿ ನಿಲ್ಲದೆ ಓಡಿದರೆ, ಹಿಂದಿನವರು ಒಪ್ಪುವುದಿಲ್ಲ. ಆಟವೇ ಆದರೂ ಅದು ದಿಟದಂತಿರಬೇಕು. ಈ ಹಂಬಲವೇ ಬೆಳೆದು ಗಣಕಯಂತ್ರದ ಪರದೆಯ ಮೇಲೆ ಮೂಡಿದಾಗ ಅದಕ್ಕೆ ‘ಟ್ರೇನ್ ಸಿಮ್ಯುಲೇಟರ್’ ಎಂಬ ಹೆಸರು ಬಂದಿತು. ರೈಲನ್ನು ನಡೆಸುವ ಅನುಭವವನ್ನು ಇದ್ದಲ್ಲಿಯೇ ಉಂಟುಮಾಡುವ ಆಟವಿದು.

ಇಂಥ ಆಟವೊಂದು ರೂಪುಗೊಳ್ಳುವ ಬಗೆಯನ್ನು ತಿಳಿಯಲು ಕಣ್ಣೆದುರಿನ ಒಂದು ಮಾರ್ಗವನ್ನೇ ತೆಗೆದುಕೊಳ್ಳೋಣ. ಬೆಂಗಳೂರಿಗೆ ಮೊದಲ ರೈಲು ಬಂದುದು 1864ರಲ್ಲಿ. ಜೋಲಾರಪೇಟೆಯಿಂದ ಹೊರಟ ಆ ಹಳಿ ಮುಟ್ಟಿದ್ದು ದಂಡಿನ ಪ್ರದೇಶವಾದ ಕಂಟೋನ್ಮೆಂಟನ್ನು. ಕಂಟೋನ್ಮೆಂಟಿನಿಂದ ಪೂರ್ವಕ್ಕೆ ಹೊರಟರೆ ಬೆಂಗಳೂರು ಪೂರ್ವ, ಬೈಯಪ್ಪನಹಳ್ಳಿ, ಅನಂತರ ಕೃಷ್ಣರಾಜಪುರ. ದೂರ ಸುಮಾರು ಹತ್ತು ಕಿಲೋಮೀಟರ್ ಮಾತ್ರ. ಹಲಸೂರು, ಇಂದಿರಾನಗರಗಳ ಜನ ದಿನವೂ ಈ ರೈಲುಗಳ ಸದ್ದು ಕೇಳುವವರೇ. ಈ ಹತ್ತು ಕಿಲೋಮೀಟರನ್ನು ಪರದೆಯ ಮೇಲೆ ರಚಿಸಬೇಕೆಂದು ಒಬ್ಬ ಆಸಕ್ತನು ಹೊರಟನೆನ್ನೋಣ. ಅವನ ಮುಂದಿರುವ ಕೆಲಸವೆಷ್ಟು?

ಮೊದಲನೆಯದು ನೆಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಜೋಲಾರಪೇಟೆ ಸುಮಾರು 400 ಮೀಟರ್ ಎತ್ತರದಲ್ಲಿದೆ. ಪ್ರಯಾಣಿಕನಿಗೆ ಈ ಏರಿಳಿತ ಅಷ್ಟಾಗಿ ತಿಳಿಯದು. ಚಾಲಕನಿಗೆ ಅದು ಪ್ರತಿ ಗಳಿಗೆಯೂ ತಿಳಿಯುತ್ತದೆ. ಆದುದರಿಂದ ರಚನೆಕಾರನು ಹಳಿಯ ಏರು, ಇಳಿವು, ತಿರುವುಗಳನ್ನು ಭೂಪಟದಿಂದಲೂ ಉಪಗ್ರಹ ಚಿತ್ರಗಳಿಂದಲೂ ಗುರುತಿಸಿಕೊಂಡು, ಹಳಿಯನ್ನು ತುಂಡುತುಂಡಾಗಿ ಹಾಸಬೇಕು. ಹಳಿಗಳ ನಡುವಣ ಅಂತರ 1676 ಮಿಲಿಮೀಟರ್ ಎಂಬುದನ್ನೂ ಮರೆಯುವಂತಿಲ್ಲ. ಬಳಿಕ ಪ್ಲಾಟ್‌ಫಾರಂ, ಮೇಲುಸೇತುವೆ, ಹಳದಿ ಫಲಕದ ಮೇಲೆ ಮೂರು ಭಾಷೆಗಳಲ್ಲಿ ಬರೆದ ನಿಲ್ದಾಣದ ಹೆಸರು, ಕೃಷ್ಣರಾಜಪುರದಲ್ಲಿ ಹಳಿಗಳ ಮೇಲೆ ಹಾದು ಹೋಗುವ ತೂಗುಸೇತುವೆ. ಇವುಗಳಲ್ಲಿ ಒಂದು ತಪ್ಪಿದರೂ ಆ ಊರಿನವನ ಕಣ್ಣು ಅದನ್ನು ಹಿಡಿದುಬಿಡುತ್ತದೆ.

ಎರಡನೆಯದು ಬಂಡಿಯ ನಡವಳಿಕೆ. ರೈಲನ್ನು ಓಡಿಸುವುದಕ್ಕಿಂತ ನಿಲ್ಲಿಸುವುದು ಕಷ್ಟ. ಎಂಜಿನ್ನಿನಿಂದ ಕೊನೆಯ ಗಾಡಿಯವರೆಗೆ ಗಾಳಿ ತುಂಬಿದ ಒಂದು ಕೊಳವೆ ಹಾದುಹೋಗುತ್ತದೆ. ಅದರಲ್ಲಿ ಒತ್ತಡ ಪೂರ್ಣವಾಗಿರುವಾಗ ಬ್ರೇಕು ಬಿಟ್ಟಿರುತ್ತದೆ. ಒತ್ತಡವನ್ನು ಕುಗ್ಗಿಸಿದಾಗ ಬ್ರೇಕು ಹಿಡಿಯುತ್ತದೆ. ಕೊಂಡಿ ಕಳಚಿ ಗಾಡಿಗಳು ಬೇರ್ಪಟ್ಟರೆ ಕೊಳವೆಯ ಗಾಳಿ ಹೊರಬಿದ್ದು ಬಂಡಿ ತಾನಾಗಿಯೇ ನಿಲ್ಲಲೆಂದೇ ಈ ಏರ್ಪಾಡು. ಆದರೆ ಉದ್ದನೆಯ ಬಂಡಿಯಲ್ಲಿ ಈ ಬದಲಾವಣೆ ಕೊನೆಯ ಗಾಡಿಯನ್ನು ಮುಟ್ಟಲು ಹೊತ್ತು ಹಿಡಿಯುತ್ತದೆ. ಹೀಗಾಗಿ ಕೆಂಪು ದೀಪವನ್ನು ಕಂಡ ಮೇಲೆ ಬ್ರೇಕು ಹಿಡಿಯುವವನು ಚಾಲಕನಲ್ಲ. ಅದಕ್ಕೂ ಹಿಂದಿನ ಹಳದಿ ದೀಪವನ್ನು ಕಂಡಾಗಲೇ ಎಚ್ಚೆತ್ತವನು ಚಾಲಕ. ಈ ವಿಳಂಬವನ್ನೂ ಭಾರವನ್ನೂ ಲೆಕ್ಕಕ್ಕಿಳಿಸಿ ಗಣಕಕ್ಕೆ ಕಲಿಸಿದರೆ ಮಾತ್ರ ಆಟ ದಿಟವೆನಿಸುತ್ತದೆ. ಇಲ್ಲದಿದ್ದರೆ ಅದು ಬರಿಯ ಓಡುವ ಚಿತ್ರ.

ಮೂರನೆಯದು ಸದ್ದು. ಕೃಷ್ಣರಾಜಪುರದಲ್ಲಿ 1983ರಲ್ಲಿ ಡೀಸೆಲ್ ಎಂಜಿನ್ನುಗಳ ಷೆಡ್ ಆರಂಭವಾಯಿತು. ಡೀಸೆಲ್ ಎಂಜಿನ್ನಿನ ವೇಗದ ಹಿಡಿಕೆಗೆ ಎಂಟು ಮೆಟ್ಟಿಲುಗಳು. ಒಂದೊಂದು ಮೆಟ್ಟಿಲಿಗೂ ಗುಡುಗಿನ ದನಿ ಬೇರೆ. ಅವನ್ನೆಲ್ಲ ಬಿಡಿಬಿಡಿಯಾಗಿ ಮುದ್ರಿಸಿಕೊಂಡು, ಹೊಲಿಗೆ ಕಾಣದಂತೆ ಜೋಡಿಸಬೇಕು. ಕೊಂಬಿನ ಕೂಗು, ಹಳಿಗಳು ಕೂಡುವೆಡೆಯ ಸದ್ದು, ಗಾಳಿ ಬಿಡುವ ಸುಯ್ಲು ಇವೂ ಬೇಕು. ರೈಲನ್ನು ಬಲ್ಲವರು ಕಣ್ಣು ಮುಚ್ಚಿಯೂ ಎಂಜಿನ್ನನ್ನು ಗುರುತಿಸಬಲ್ಲರು. ಅವರ ಕಿವಿಯನ್ನು ವಂಚಿಸುವುದು ಸುಲಭವಲ್ಲ.

ಈ ವಿದ್ಯೆಯಲ್ಲಿ ಮೊದಲು ಹೆಸರು ಮಾಡಿದವರಲ್ಲಿ ಜಪಾನಿನ ಮಿನೋರು ಮುಕಾಯಾ ಒಬ್ಬರು. ಅವರು ವೃತ್ತಿಯಿಂದ ಸಂಗೀತಗಾರರು, ಕೀಬೋರ್ಡ್ ವಾದಕರು. ಚಾಲಕನ ಕೋಣೆಯಿಂದ ತೆಗೆದ ಚಲನಚಿತ್ರವನ್ನು ಆಡುವವನ ಕೈಯ ಚಲನೆಗೆ ಹೊಂದಿಸಿ, 1995ರಲ್ಲಿ ಅವರ ಸಂಸ್ಥೆ ಇಂಥ ಆಟವನ್ನು ಹೊರತಂದಿತು. ಮುಂದೆ ಅದೇ ಸಂಸ್ಥೆ ಜಪಾನಿನ ರೈಲ್ವೆಗಳಿಗೆ ಚಾಲಕರ ತರಬೇತಿಯ ಯಂತ್ರಗಳನ್ನೂ ಮಾಡಿಕೊಟ್ಟಿತು. ಆಟವೆಂದು ಹುಟ್ಟಿದುದು ವಿದ್ಯೆಯಾಗಿ ನಿಂತಿತು. ಹಳಿಯ ಮೇಲೆ ಒಂದು ತಪ್ಪಿಗೆ ತೆರಬೇಕಾದ ಬೆಲೆ ಪ್ರಾಣ. ತರಬೇತಿಯ ಕೋಣೆಯಲ್ಲಿ ಅದೇ ತಪ್ಪನ್ನು ಹತ್ತು ಸಲ ಮಾಡಿ, ಹತ್ತು ಸಲವೂ ತಿದ್ದಿಕೊಳ್ಳಬಹುದು.

2001ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ‘ಟ್ರೇನ್ ಸಿಮ್ಯುಲೇಟರ್’ ಎಂಬ ಆಟವನ್ನು ಪ್ರಕಟಿಸಿತು. ಅದನ್ನು ರಚಿಸಿದುದು ಇಂಗ್ಲೆಂಡಿನ ಕೂಜು ಎಂಬ ಸಂಸ್ಥೆ. ಅದರಲ್ಲಿ ಅಮೆರಿಕ, ಯೂರೋಪ್, ಜಪಾನುಗಳ ಮಾರ್ಗಗಳಿದ್ದವೇ ಹೊರತು ಭಾರತದ ಮಾರ್ಗವಿರಲಿಲ್ಲ. ಆದರೆ ಹೊಸ ಮಾರ್ಗಗಳನ್ನು ರಚಿಸುವ ಸಾಧನಗಳನ್ನೂ ಆಟದೊಡನೆ ಕೊಟ್ಟಿದ್ದರು. ಅದು ದೊಡ್ಡ ಬಾಗಿಲನ್ನೇ ತೆರೆದಂತಾಯಿತು. ನಮ್ಮ ದೇಶದ ರೈಲು ಪ್ರೇಮಿಗಳು ಭಾರತದ ಎಂಜಿನ್ನುಗಳನ್ನೂ ಗಾಡಿಗಳನ್ನೂ ಮಾರ್ಗಗಳನ್ನೂ ತಾವೇ ರಚಿಸತೊಡಗಿದರು. ವಿದ್ಯಾರ್ಥಿಗಳು, ನೌಕರರು, ಎಂಜಿನಿಯರುಗಳು ತಮ್ಮ ಬಿಡುವಿನ ರಾತ್ರಿಗಳನ್ನು ಇದಕ್ಕೆ ಕೊಟ್ಟರು. ಅವರಿಗೆ ಕೂಲಿಯಿಲ್ಲ. ‘ಇದು ನಮ್ಮ ರೈಲೇ ಹೌದು’ ಎಂದು ಮತ್ತೊಬ್ಬನು ಹೇಳುವ ಮಾತೇ ಅವರ ಸಂಬಳ.

ಇನ್ನು ಕಾಯುವವರ ಕಥೆ. 2003ರಲ್ಲಿ ಈ ಆಟದ ಎರಡನೆಯ ಆವೃತ್ತಿ ಬರುವುದೆಂಬ ಪ್ರಕಟಣೆ ಹೊರಟಿತು. ಅಭಿಮಾನಿಗಳ ಉತ್ಸಾಹ ಹೇಳತೀರದು. ತಯಾರಕರು ಒಂದು ಚಿತ್ರವನ್ನು ತೋರಿಸಿದರೆ ಸಾಕು, ಕೊಂಡಿ ಸರಿಯಿದೆಯೇ, ದೀಪ ಸರಿಯಿದೆಯೇ ಎಂದು ಪರೀಕ್ಷಿಸುವವರು ನೂರು ಮಂದಿ. ಮದುವೆಯ ದಿಬ್ಬಣವನ್ನು ಎದುರುನೋಡುವ ಮನೆಯವರಂತೆ ಅವರು ಕಾದರು. ಆದರೆ 2004ರಲ್ಲಿ ಆ ಕೆಲಸ ನಿಂತಿತು. 2007ರಲ್ಲಿ ಮೈಕ್ರೋಸಾಫ್ಟಿನ ಏಸಸ್ ಎಂಬ ವಿಭಾಗ ಮತ್ತೆ ಹೊಸದಾಗಿ ಆರಂಭಿಸಿತು. ಮತ್ತೆ ಆಸೆ ಚಿಗುರಿತು. 2009ರ ಜನವರಿಯಲ್ಲಿ ಆ ವಿಭಾಗವನ್ನೇ ಮುಚ್ಚಲಾಯಿತು. ಕೆಲಸ ಮಾಡುತ್ತಿದ್ದವರು ಉದ್ಯೋಗ ಕಳೆದುಕೊಂಡರು. ಕಾದವರು ಬರಿಗೈಯಲ್ಲಿ ಉಳಿದರು. ಎರಡು ಸಲ ಬರುವೆನೆಂದ ಬಂಡಿ ಎರಡು ಸಲವೂ ಬರಲಿಲ್ಲ.

ನಿರಾಶೆಗೊಂಡವನಿಗೆ ಎರಡು ದಾರಿಗಳಿರುತ್ತವೆ: ದೂರುತ್ತ ಕೂರುವುದು, ಇಲ್ಲವೇ ಕೈಲಾದುದನ್ನು ಮಾಡುವುದು. ಕೂಜು ಸಂಸ್ಥೆ 2007ರಲ್ಲಿ ಬೇರೊಂದು ರೈಲಾಟವನ್ನು ಹೊರತಂದಿತು. ಅದರ ವಂಶ ಬೇರೆ ಬೇರೆ ಹೆಸರುಗಳಲ್ಲಿ ಮುಂದುವರಿಯಿತು. ಇತ್ತ ಅಭಿಮಾನಿಗಳಲ್ಲಿ ಕೆಲವರು ಕೂಡಿ ‘ಓಪನ್ ರೈಲ್ಸ್’ ಎಂಬ ತಂತ್ರಾಂಶವನ್ನು ತಾವೇ ಬರೆದರು. 2001ರ ಆಟಕ್ಕಾಗಿ ರಚಿಸಿದ ಹಳೆಯ ಮಾರ್ಗಗಳನ್ನೂ ಎಂಜಿನ್ನುಗಳನ್ನೂ ಅದು ಬಳಸಿಕೊಳ್ಳಬಲ್ಲದು. ಅದನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಅಪರಿಚಿತರು ದೇಶದೇಶಗಳಿಂದ ಕೈಜೋಡಿಸಿ ಮಾಡಿದ ಈ ಕೆಲಸದಿಂದ, ಸಾವಿರಾರು ರಾತ್ರಿಗಳ ಶ್ರಮ ಮಣ್ಣುಪಾಲಾಗದೆ ಉಳಿಯಿತು. ಭಾರತದಲ್ಲಿಯೂ ಚೆನ್ನೈಯ ಹೈಬ್ರೋ ಇಂಟರಾಕ್ಟಿವ್ ಸಂಸ್ಥೆ ‘ಇಂಡಿಯನ್ ಟ್ರೇನ್ ಸಿಮ್ಯುಲೇಟರ್’ ಎಂಬ ಆಟವನ್ನು ರಚಿಸಿತು. ಅದನ್ನು ಕೈಯೊಳಗಿನ ದೂರವಾಣಿಯಲ್ಲಿಯೇ ಆಡಬಹುದು.

ಹೀಗೆ ರಚಿಸಿದ ಮಾರ್ಗಕ್ಕೆ ಇನ್ನೊಂದು ಬೆಲೆಯೂ ಉಂಟು. ಊರು ನಿಂತಲ್ಲಿ ನಿಲ್ಲುವುದಿಲ್ಲ. ಕಂಟೋನ್ಮೆಂಟಿನ ಹಳಿಯಿಂದ ಉಗಿಬಂಡಿ ಮರೆಯಾಯಿತು. ತಲೆಯ ಮೇಲೆ ವಿದ್ಯುತ್ತಂತಿ ಬಂದಿತು. 2022ರಲ್ಲಿ ಬೈಯಪ್ಪನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಹೊಸ ಟರ್ಮಿನಲ್ಲಿನಿಂದ ರೈಲುಗಳು ಹೊರಡತೊಡಗಿದವು. ಅದೇ ವರ್ಷ ಕಂಟೋನ್ಮೆಂಟ್ ನಿಲ್ದಾಣದ ಪುನರ್ನಿರ್ಮಾಣಕ್ಕೆ ಶಂಕುಸ್ಥಾಪನೆಯಾಯಿತು. ಹಳೆಯ ನಿಲ್ದಾಣ ಹೇಗಿತ್ತೆಂದು ನಾಳೆಯ ಮಗು ಕೇಳಿದರೆ ಭಾವಚಿತ್ರ ಒಂದು ಮುಖವನ್ನು ತೋರಿಸೀತು. ಆದರೆ ಪೂರ್ವದಿಂದ ಬರುವ ಚಾಲಕನಿಗೆ ಅದು ಹೇಗೆ ಮೆಲ್ಲಮೆಲ್ಲನೆ ಎದುರಾಗುತ್ತಿತ್ತೆಂಬುದನ್ನು, ಯಾರಾದರೂ ಅಂದೇ ಅಳೆದು ರಚಿಸಿಟ್ಟಿದ್ದರೆ, ಆ ಆಟ ತೋರಿಸಬಲ್ಲದು. ಆಟದ ಹೆಸರಿನಲ್ಲಿ ಮಾಡಿದ ಕೆಲಸ ಊರಿನ ಚರಿತ್ರೆಯ ಒಂದು ಪುಟವಾಗುತ್ತದೆ.

ಪರದೆಯ ಮೇಲಿನ ರೈಲು ಯಾರನ್ನೂ ಊರಿಗೆ ಮುಟ್ಟಿಸುವುದಿಲ್ಲ. ಆದರೆ ಅದನ್ನು ಪ್ರೀತಿಯಿಂದ ರಚಿಸಿದವನು ನಿಜವಾದ ರೈಲನ್ನು ಮೊದಲಿನಂತೆ ನೋಡಲಾರನು. ರಾತ್ರಿ ಎಲ್ಲರೂ ಮಲಗಿರುವಾಗ ಹಳದಿ ದೀಪವೊಂದನ್ನು ಕಂಡು ಮೆಲ್ಲನೆ ಬ್ರೇಕು ಹಿಡಿಯುವ ಚಾಲಕನ ಕೈ ಅವನಿಗೆ ನೆನಪಾಗುತ್ತದೆ. ಆ ಕೈಯ ಎಚ್ಚರದ ಮೇಲೆ ಸಾವಿರ ಜನರ ನಿದ್ದೆ ನಿಂತಿದೆ. ಇದನ್ನು ಅರಿತಷ್ಟು ಮಟ್ಟಿಗೆ ಆಟ ಸಾರ್ಥಕ.

ಅಭ್ಯಾಸ

1. ರೈಲಾಟದಲ್ಲಿ ಮಕ್ಕಳು ಪಾಲಿಸುವ ಕಟ್ಟುಪಾಡು ಯಾವುದು?
2. ಬಂಡಿಯ ಕೊಳವೆಯಲ್ಲಿ ಗಾಳಿಯ ಒತ್ತಡ ಕುಗ್ಗಿದಾಗ ಬ್ರೇಕು ಹಿಡಿಯುವಂತೆ ಏರ್ಪಡಿಸಿರುವುದೇಕೆ?
3. ‘ಎರಡು ಸಲ ಬರುವೆನೆಂದ ಬಂಡಿ ಎರಡು ಸಲವೂ ಬರಲಿಲ್ಲ.’ ಈ ಮಾತನ್ನು ಸಂದರ್ಭದೊಡನೆ ವಿವರಿಸಿ.
4. ನಿಮ್ಮ ಊರಿನ ರೈಲು ಅಥವಾ ಬಸ್ಸು ನಿಲ್ದಾಣವನ್ನು ಗಮನಿಸಿ, ಕಾಣುವ ಹತ್ತು ವಿವರಗಳನ್ನೂ ಕೇಳುವ ಐದು ಸದ್ದುಗಳನ್ನೂ ಬರೆಯಿರಿ.