ಇಂಗ್ಲಿಷ್ ಪರೀಕ್ಷೆಗೆ ಕನ್ನಡದ ನೆರವು

ಪರೀಕ್ಷೆ ಸಮೀಪಿಸಿತೆಂದರೆ ರವೀಂದ್ರನಗರದ ವಿದ್ಯಾರ್ಥಿ ಕೊಠಡಿಗಳಲ್ಲಿ ಒಂದು ಬಗೆಯ ಪಾರಾಯಣ ಪ್ರಾರಂಭವಾಗುತ್ತದೆ. ‘ಗೋ, ವೆಂಟ್, ಗಾನ್, ಸೀ, ಸಾ, ಸೀನ್’ ಎಂದು ರಾತ್ರಿ ಬಹಳ ಹೊತ್ತಿನವರೆಗೆ ಉರುಹೊಡೆಯುವ ಧ್ವನಿ ಬೀದಿಗೂ ಕೇಳಿಸುವುದು. ಇಷ್ಟಾದರೂ, ಚರಿತ್ರೆ ಅರ್ಥಶಾಸ್ತ್ರಗಳಲ್ಲಿ ಒಳ್ಳೆಯ ಅಂಕಗಳನ್ನು ಪಡೆಯುವ ಹುಡುಗರೇ ಇಂಗ್ಲಿಷ್ ಒಂದರಲ್ಲಿ ಮುಗ್ಗರಿಸುವುದನ್ನು ನಾವು ಪ್ರತಿವರ್ಷವೂ ಕಾಣುತ್ತಿದ್ದೇವೆ.

ಹೊಸನಗರದ ಕಡೆಯ ಮಿತ್ರನೊಬ್ಬನು ಹೀಗೆ ಎರಡು ಸಲ ಮುಗ್ಗರಿಸಿ, “ಇನ್ನು ಊರಿಗೆ ಹೋಗಿ ತೋಟ ನೋಡಿಕೊಳ್ತೇನೆ ಮಾರಾಯ” ಎಂದು ಪೆಟ್ಟಿಗೆ ಕಟ್ಟಲು ಹೊರಟಿದ್ದನು. ಅವನ ಅಭ್ಯಾಸದ ಪುಸ್ತಕವನ್ನು ತೆರೆದು ನೋಡಿದೆ. ‘ಐ ಆಮ್ ಸ್ಟಡಿಯಿಂಗ್ ಹಿಯರ್ ಫ್ರಮ್ ಟೂ ಇಯರ್ಸ್’ ಎಂದು ಬರೆದಿದ್ದನು. “ಇದರಲ್ಲಿ ತಪ್ಪೇನು? ಎರಡು ವರ್ಷದಿಂದ ಓದುತ್ತಿದ್ದೇನೆ ಎಂದು ತಾನೆ?” ಎಂದು ಕೇಳಿದನು. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಅವನು ಬುದ್ಧಿಯಿಲ್ಲದೆ ತಪ್ಪಿದವನಲ್ಲ. ಕನ್ನಡದ ನಿಯಮವನ್ನು ಇಂಗ್ಲಿಷಿನಲ್ಲಿ ಪಾಲಿಸಿ ತಪ್ಪಿದವನು. ಹಾಗಾದರೆ ಎರಡು ಭಾಷೆಗಳೂ ಎಲ್ಲೆಲ್ಲಿ ಬೇರೆಯಾಗುತ್ತವೆ ಎಂಬುದನ್ನು ಗುರುತಿಸಿಕೊಂಡರೆ ಅರ್ಧ ವ್ಯಾಕರಣ ಕೈವಶವಾದಂತೆಯೆ.

ಮೊದಲು ನಮ್ಮ ‘ಇಂದ’ ಪ್ರತ್ಯಯವನ್ನೇ ತೆಗೆದುಕೊಳ್ಳೋಣ. ಭದ್ರಾವತಿಯಿಂದ ಬಂದೆ, ಚಾಕುವಿನಿಂದ ಕೊಯ್ದೆ, ಕಬ್ಬಿಣದಿಂದ ಮಾಡಿದ್ದು, ಸೋಮವಾರದಿಂದ ಜ್ವರ, ಎರಡು ವರ್ಷದಿಂದ ಓದುತ್ತಿದ್ದೇನೆ. ಕನ್ನಡದಲ್ಲಿ ಐದಕ್ಕೂ ಒಂದೇ ಪ್ರತ್ಯಯ. ಇಂಗ್ಲಿಷಿನಲ್ಲಾದರೋ ಕ್ರಮವಾಗಿ ಫ್ರಮ್, ವಿತ್, ಆಫ್, ಸಿನ್ಸ್, ಫಾರ್ ಎಂದು ಐದು ಬೇರೆ ಬೇರೆ ಪದಗಳು. ಕೆಲಸ ಪ್ರಾರಂಭವಾದ ಗಳಿಗೆಯನ್ನು ಹೇಳುವಾಗ ಸಿನ್ಸ್, ಕಳೆದ ಕಾಲದ ಅಳತೆಯನ್ನು ಹೇಳುವಾಗ ಫಾರ್. ಹಿಂದೆ ಪ್ರಾರಂಭವಾಗಿ ಈಗಲೂ ನಡೆಯುತ್ತಿರುವ ಕೆಲಸಕ್ಕೆ ಕ್ರಿಯಾಪದವೂ ಬದಲಾಗಬೇಕು: ‘ಐ ಹ್ಯಾವ್ ಬೀನ್ ಸ್ಟಡಿಯಿಂಗ್ ಹಿಯರ್ ಫಾರ್ ಟೂ ಇಯರ್ಸ್.’ ಹಾಗೆಯೇ ‘ಅಲ್ಲಿ’ ಪ್ರತ್ಯಯ: ಶಿವಮೊಗ್ಗದಲ್ಲಿ ಎಂಬುದಕ್ಕೆ ಇನ್, ಬಸ್ ನಿಲ್ದಾಣದಲ್ಲಿ ಎಂಬುದಕ್ಕೆ ಅಟ್, ಬಸ್ಸಿನಲ್ಲಿ ಬಂದೆ ಎಂಬುದಕ್ಕೆ ಬೈ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಲ್ಲಿ ನಾವು ಅಂಕ ಕಳೆದುಕೊಳ್ಳುವುದು ಬಹುಪಾಲು ಇಲ್ಲಿಯೆ.

ಎರಡನೆಯದು, ‘ಎ’ ಮತ್ತು ‘ದ’ಗಳ ತೊಡಕು. ಕನ್ನಡದಲ್ಲಿ ಇವು ಇಲ್ಲವೆಂದು ನಾವು ಭಾವಿಸುತ್ತೇವೆ. ಪದಗಳಿಲ್ಲ, ನಿಜ, ಆದರೆ ಭಾವ ಇದೆ. ‘ಪುಸ್ತಕ ಕೊಂಡೆ’ ಎಂದಾಗ ಯಾವುದೋ ಒಂದು ಪುಸ್ತಕ. ‘ಪುಸ್ತಕವನ್ನು ಹಿಂದಿರುಗಿಸಿದೆ’ ಎಂದಾಗ ಮಾತನಾಡುವವನಿಗೂ ಕೇಳುವವನಿಗೂ ಗೊತ್ತಿರುವ ಪುಸ್ತಕ. ಮೊದಲನೆಯದು ‘ಎ ಬುಕ್’, ಎರಡನೆಯದು ‘ದ ಬುಕ್’. ಎಲ್ಲ ಸಂದರ್ಭಗಳಿಗೂ ಈ ಸೂತ್ರ ಸಾಲದು. ಆದರೂ ‘ಯಾವುದೋ ಒಂದೇ, ಗೊತ್ತಿರುವುದೇ?’ ಎಂದು ಪ್ರತಿಸಲ ಕೇಳಿಕೊಂಡರೆ ಅನೇಕ ತಪ್ಪುಗಳು ತಾವಾಗಿಯೇ ನಿಲ್ಲುತ್ತವೆ.

ಮೂರನೆಯದು ಭೂತಕಾಲ. ‘ನಿನ್ನೆ ನಿಮ್ಮ ಮನೆಗೆ ಬಂದಿದ್ದೆ’ ಎನ್ನುವುದು ನಮಗೆ ಸಹಜ. ಅದನ್ನೇ ‘ಐ ಹ್ಯಾಡ್ ಕಮ್’ ಎಂದು ಬರೆಯುತ್ತೇವೆ. ಬರಿಯ ನಿನ್ನೆಯ ಸಂಗತಿಗೆ ಇಂಗ್ಲಿಷಿನಲ್ಲಿ ‘ಐ ಕೇಮ್’ ಎಂದರೆ ಸಾಕು. ‘ನಾನು ತಲಪುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು’ ಎಂಬಂತೆ, ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಯಾವುದು ಮೊದಲು ಎಂದು ತಿಳಿಸಬೇಕಾದಾಗಲೇ ‘ಹ್ಯಾಡ್’ ಬೇಕಾಗುವುದು.

ನಾಲ್ಕನೆಯದು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸುವ ರೀತಿ. “ನಾಳೆ ಬರುತ್ತೇನೆ ಎಂದು ಹೇಳಿದನು” ಎನ್ನುವಾಗ ಕನ್ನಡವು ಆಡಿದವನ ಮಾತನ್ನು ಆಡಿದಂತೆಯೇ ಇಟ್ಟು, ‘ಎಂದು’ ಸೇರಿಸಿ ಮುಗಿಸುತ್ತದೆ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ‘ಐ’ ಇದ್ದದ್ದು ‘ಹಿ’ ಆಗಬೇಕು, ‘ವಿಲ್’ ಇದ್ದದ್ದು ‘ವುಡ್’, ‘ಟುಮಾರೋ’ ಇದ್ದದ್ದು ‘ದ ನೆಕ್ಸ್ಟ್ ಡೇ’. ಯಾರು, ಯಾವ ಕಾಲ, ಯಾವಾಗ ಎಂಬ ಈ ಮೂರನ್ನೂ ಬೆರಳು ಮಡಿಸಿ ಲೆಕ್ಕ ಹಾಕಿದರೆ ತಪ್ಪಲು ಅವಕಾಶ ಕಡಿಮೆ.

ಇನ್ನು ಕರ್ಮಣಿ ಪ್ರಯೋಗ. ‘1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಪ್ರಾರಂಭಿಸಿದರು’ ಎಂದು ಹೇಳುತ್ತೇವೆ. ಯಾರು ಎಂದು ಹೇಳುವುದೇ ಇಲ್ಲ. ಆದರೂ ಕನ್ನಡ ವಾಕ್ಯ ಪೂರ್ಣವಾಗಿದೆ. ಇಂಗ್ಲಿಷ್ ವಾಕ್ಯಕ್ಕೆ ಕರ್ತೃಪದ ಬೇಕೇ ಬೇಕು. ಆದುದರಿಂದ ಕಾರ್ಖಾನೆಯನ್ನೇ ಮುಂದಕ್ಕೆ ತಂದು ‘ದಿ ಐರನ್ ವರ್ಕ್ಸ್ ವಾಸ್ ಸ್ಟಾರ್ಟೆಡ್’ ಎನ್ನಬೇಕು. ಮಾಡಿದವರ ಹೆಸರಿಲ್ಲದೆ ‘ಮಾಡಿದರು, ಕಟ್ಟಿದರು, ಕೊಟ್ಟರು’ ಎಂದು ಮುಗಿಯುವ ಕನ್ನಡ ವಾಕ್ಯ ಎದುರಾದಾಗ ಕರ್ಮಣಿಯನ್ನು ನೆನೆಯಿರಿ.

ಶಬ್ದಸಂಪತ್ತಿನ ವಿಷಯಕ್ಕೆ ಬರೋಣ. ಪಟ್ಟಿಯನ್ನು ಬಾಯಿಪಾಠ ಮಾಡಿದ ಶಬ್ದ ಪಟ್ಟಿಯಲ್ಲಿಯೇ ಉಳಿಯುತ್ತದೆ. ಶಬ್ದವನ್ನು ಅದರ ಬಳಗದೊಡನೆ ಕಲಿಯಬೇಕು: ಡಿಸೈಡ್, ಡಿಸಿಷನ್, ಡಿಸೈಸಿವ್. ಅದರ ಜೊತೆಗಾರನನ್ನೂ ಬಿಡಬಾರದು: ಡಿಪೆಂಡ್ ಆನ್, ಲಿಸನ್ ಟು. ‘ಡಿಸ್ಕಸ್’ಗೆ ಮಾತ್ರ ಜೊತೆಗಾರ ಬೇಡ, ನಮ್ಮ ‘ಬಗ್ಗೆ’ಯನ್ನು ನೆನೆದು ‘ಅಬೌಟ್’ ಅಂಟಿಸುವುದು ತಪ್ಪು. ಕನ್ನಡದಲ್ಲಿ ಮನೆಮಾತಾಗಿರುವ ಇಂಗ್ಲಿಷ್ ಶಬ್ದಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ದೋಸೆ ತಿನ್ನುವ ಸ್ಥಳ ನಮಗೆ ಹೋಟೆಲು; ಇಂಗ್ಲೆಂಡಿನವನಿಗೆ ಅದು ತಂಗುವ ಸ್ಥಳ.

ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆಂದು ಪರೀಕ್ಷಿಸಿ 1885ರಲ್ಲಿ ಪ್ರಕಟಿಸಿದನು. ಒಂದು ಗಂಟೆಯೊಳಗಾಗಿ ಅರ್ಧಕ್ಕಿಂತ ಹೆಚ್ಚು ಜಾರಿಹೋಗಿತ್ತು. ಅರ್ಥ ತಿಳಿಯದೆ ಉರುಹೊಡೆದ ಶಬ್ದಕ್ಕೂ ಇದೇ ಗತಿಯಲ್ಲವೆ? ಆದುದರಿಂದ ದಿನಕ್ಕೆ 5 ಶಬ್ದ ಸಾಕು. ಪ್ರತಿಯೊಂದಕ್ಕೂ ತುಂಗಾ ಸೇತುವೆ, ಸಂತೆ, ಅಡಕೆ ತೋಟ ಮುಂತಾಗಿ ಕಣ್ಣಿಗೆ ಕಾಣುವ ಸಂಗತಿಯ ಮೇಲೆ ಸ್ವಂತ ವಾಕ್ಯ ಬರೆಯಬೇಕು. ಅವನ್ನೇ ಮಾರನೆಯ ದಿನ, ಮೂರನೆಯ ದಿನ, ವಾರದ ಕೊನೆಗೆ ಮತ್ತೆ ನೋಡಬೇಕು. ಜೊತೆಗೆ, ಆ ದಿನ ಆಡಿದ 3 ಕನ್ನಡ ಮಾತುಗಳನ್ನು ಇಂಗ್ಲಿಷಿಗೆ ತಿರುಗಿಸಿ, ಅಧ್ಯಾಪಕರಿಂದಲೋ ಬಲ್ಲ ಗೆಳೆಯರಿಂದಲೋ ತಿದ್ದಿಸಿಕೊಂಡು, ತಪ್ಪಿಗೆ ಕಾರಣವಾದ ಕನ್ನಡ ಪದವನ್ನು ಅಂಚಿನಲ್ಲಿ ಗುರುತು ಮಾಡಿಡಬೇಕು. ಅರ್ಧ ಗಂಟೆಯ ಕೆಲಸ; ಪರೀಕ್ಷೆಯ ಹಿಂದಿನ ರಾತ್ರಿ ಮಾಡುವಂಥದ್ದಲ್ಲ.

ಕನ್ನಡ ಶಾಲೆಯಲ್ಲಿ ಓದಿದ್ದೇ ನಮ್ಮ ಕೊರತೆ ಎಂಬ ಅಳುಕು ಅನೇಕರಲ್ಲಿ ಇದೆ. ಕನ್ನಡಕ್ಕೆ ಹೊಸ ದಾರಿ ತೋರಿದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರು. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಯು. ಆರ್. ಅನಂತಮೂರ್ತಿಯವರು ಇಂಗ್ಲಿಷ್ ಬೋಧಿಸುತ್ತಲೇ ಕನ್ನಡದಲ್ಲಿ ಕಾದಂಬರಿ ಬರೆದವರು. ಒಂದು ಭಾಷೆ ಇನ್ನೊಂದಕ್ಕೆ ಅಡ್ಡಿಯೆಂದು ಅವರು ಎಣಿಸಲಿಲ್ಲ. ವಿಭಕ್ತಿ, ಕಾಲ, ಪ್ರಯೋಗಗಳನ್ನು ಕನ್ನಡದಲ್ಲಿ ಅರಿತವನಿಗೆ ಇಂಗ್ಲಿಷ್ ವ್ಯಾಕರಣ ಪೂರ್ತಿ ಹೊಸದಲ್ಲ.

ಹೊಸನಗರದ ಮಿತ್ರನು ಪೆಟ್ಟಿಗೆಯನ್ನು ಬಿಚ್ಚಿಟ್ಟಿದ್ದಾನೆ. ಅವನ ಪುಸ್ತಕದ ಅಂಚಿನಲ್ಲಿ ‘ಇಂದ’ ಎಂಬ ಗುರುತು ಮೊದಲ ವಾರ ಹನ್ನೊಂದು ಸಲ ಇತ್ತು. ಕಳೆದ ವಾರ ಎರಡೇ ಸಲ. ಫಲಿತಾಂಶ ಬರುವುದು ಇನ್ನು ಮೇಲೆ. ಆದರೆ ತನ್ನ ತಪ್ಪು ಎಲ್ಲಿಂದ ಬರುತ್ತದೆಂದು ಅವನಿಗೆ ಈಗ ಗೊತ್ತು.